ಪ್ರತಿಕ್ರಿಯೆ: ಖರ್ಚಿಗೂ ಸ್ಥಾನಕ್ಕೂ ನಂಟು ಯಾಕೆ ಕಾಣುತ್ತಿಲ್ಲ

ಇಂಗ್ಲೆಂಡಿನ ಅಗ್ರ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಖರ್ಚಿಗೂ ಅಂಕಪಟ್ಟಿಯ ಸ್ಥಾನಕ್ಕೂ ಸಂಬಂಧವೇ ಕಾಣುತ್ತಿಲ್ಲ ಎಂದಿದ್ದೀರಲ್ಲ, ನೀವು ತೆಗೆದುಕೊಂಡಿರುವುದು ವರ್ಗಾವಣೆ ಶುಲ್ಕ (ಆಟಗಾರನನ್ನು ಕೊಳ್ಳಲು ಇನ್ನೊಂದು ಕ್ಲಬ್‌ಗೆ ಕೊಡುವ ಹಣ), ತೊಂದರೆ ಅಲ್ಲೇ ಇರಬೇಕು. ನಿಮ್ಮ ಶೀಟ್ ನೋಡದೆ ನೂರಕ್ಕೆ ನೂರು ಹೇಳಲಾರೆ, ಆದರೆ ನಾನೂ ಇದೇ ಹಳ್ಳಕ್ಕೆ ಬಿದ್ದಿದ್ದೆ. ಕ್ಲಬ್‌ನ ಸ್ವಂತ ತರಬೇತಿ ಅಕಾಡೆಮಿಯಲ್ಲಿ ಬೆಳೆದವನು, ಹಳೆಯ ಕ್ಲಬ್‌ನ ಕರಾರು ಮುಗಿಸಿ ಬಂದವನು, ಇಬ್ಬರ ಶುಲ್ಕವೂ ಸೊನ್ನೆ. ಸಂಬಳ ಮಾತ್ರ ಸೊನ್ನೆಯಲ್ಲ.

ಮೊದಲು ಶುಲ್ಕದ ಕಾಲಂ ತೆಗೆದು ಒಟ್ಟು ಸಂಬಳದ ಮೊತ್ತ ಹಾಕಿ. ಇಂಗ್ಲೆಂಡಿನ ಕ್ಲಬ್‌ಗಳ ವಾರ್ಷಿಕ ಲೆಕ್ಕಪತ್ರ ಕಂಪನೀಸ್ ಹೌಸ್ (ಬ್ರಿಟನ್ನಿನ ಸರ್ಕಾರಿ ಕಂಪನಿ ನೋಂದಣಿ ಕಚೇರಿ) ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ‘ಸ್ಟಾಫ್ ಕಾಸ್ಟ್ಸ್’ (ಸಿಬ್ಬಂದಿ ವೆಚ್ಚ) ಟಿಪ್ಪಣಿ ನೋಡಿ. ಅದರಲ್ಲಿ ಕಚೇರಿ ಸಿಬ್ಬಂದಿಯ ಸಂಬಳವೂ ಸೇರಿರುತ್ತದೆ, ಬೇರ್ಪಡಿಸಲು ಹೋಗಬೇಡಿ, ಮುಗಿಯದ ಕೆಲಸ. ಆಮೇಲೆ ಪ್ರತಿ ಮೊತ್ತವನ್ನು ಆ ಸೀಸನ್ನಿನ 20 ಕ್ಲಬ್‌ಗಳ ಸರಾಸರಿಯಿಂದ ಭಾಗಿಸಿ. ಇಲ್ಲದಿದ್ದರೆ ವರ್ಷಗಳು ಕಳೆದಂತೆ ಏರಿರುವ ಟಿವಿ ಪ್ರಸಾರದ ಹಣ ಎಲ್ಲವನ್ನೂ ಕಲಸಿಬಿಡುತ್ತದೆ. ಸರಾಸರಿಯ ಎರಡರಷ್ಟು ಕೊಡುವ ಕ್ಲಬ್‌ಗೆ 2, ಅರ್ಧ ಕೊಡುವುದಕ್ಕೆ 0.5. ಅದರ ಲಾಗ್ (ಲಾಗರಿದಮ್) ತೆಗೆದು ಅಂಕಗಳ ಜೊತೆ ಗ್ರಾಫಿನಲ್ಲಿ ಹೋಲಿಸಿ, ಸ್ಥಾನದ ಜೊತೆ ಬೇಡ: 10ನೇ ಮತ್ತು 13ನೇ ಸ್ಥಾನದ ನಡುವೆ ಎಷ್ಟೋ ಸಲ ಎರಡು ಮೂರು ಅಂಕವಷ್ಟೇ ಇರುತ್ತದೆ.

2019-20 ಬಿಟ್ಟುಬಿಡಿ, ಆ ಸೀಸನ್ ಜುಲೈ 2020ರವರೆಗೆ ಎಳೆದಿತ್ತು, ಕೆಲವು ಕ್ಲಬ್‌ಗಳ ಲೆಕ್ಕದ ವರ್ಷ ಅದಕ್ಕೂ ಮೊದಲೇ ಮುಗಿದಿತ್ತು. 2015-16ರ ಲೆಸ್ಟರ್ (81 ಅಂಕ, ಚಾಂಪಿಯನ್) ಗ್ರಾಫಿನ ಸರಾಸರಿ ಗೆರೆಯಿಂದ ದೂರ ನಿಂತರೆ ಗಾಬರಿಯಾಗಬೇಡಿ, ಅಳಿಸಲೂಬೇಡಿ. ಒಂದೇ ಸೀಸನ್ನಿನ 20 ಚುಕ್ಕೆ ಸಾಲದು. ಪ್ರತಿ ಕ್ಲಬ್‌ನ ಐದಾರು ಸೀಸನ್‌ಗಳ ಸರಾಸರಿ ತೆಗೆದು ಮತ್ತೆ ಗ್ರಾಫ್ ಹಾಕಿ ನೋಡಿ.