ರೀ: ಜೆಂಕಿನ್ಸ್ ಮೆಸೇಜುಗಳ ಕಾಟ, ಎಲ್ಲರೂ ಚಾನೆಲ್ ಮ್ಯೂಟ್ ಮಾಡಿದ್ದಾರೆ

ನೀವು ಹೇಳಿದ್ದು ಇಷ್ಟು: ಎಂಟು ಜನರ ಟೀಮು, ಒಂದೇ ಸ್ಲ್ಯಾಕ್ ಚಾನೆಲ್ (ಟೀಮಿನ ಚಾಟ್ ಗುಂಪು). ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಜೆಂಕಿನ್ಸ್‌ನಿಂದ ಪ್ರತಿ ಬಿಲ್ಡ್ (ಅಂಥ ಒಂದು ಓಟ) ಶುರುವಾದಾಗ ಒಂದು ಮೆಸೇಜ್, ಮುಗಿದಾಗ ಇನ್ನೊಂದು. ಕೊನೆಗೆ ಮೇನ್ ಬ್ರಾಂಚ್ (ಎಲ್ಲರ ಕೋಡ್ ಸೇರುವ ಮುಖ್ಯ ಕವಲು) ಒಡೆದರೂ ಯಾರೂ ನೋಡಲ್ಲ.

ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬರು ದಿನಕ್ಕೆ ಐದು ಸಲ ಪುಶ್ ಮಾಡಿದರೆ (ಕೋಡ್ ಕಳಿಸಿದರೆ) 40 ಬಿಲ್ಡ್, 80 ಮೆಸೇಜ್. ಮಲ್ಟಿಬ್ರಾಂಚ್ ಜಾಬ್ (ಎಲ್ಲ ಬ್ರಾಂಚುಗಳನ್ನೂ ನೋಡಿಕೊಳ್ಳುವ ಜೆಂಕಿನ್ಸ್ ಕೆಲಸ) ಬ್ರಾಂಚನ್ನೂ ಅದರ ಪುಲ್ ರಿಕ್ವೆಸ್ಟನ್ನೂ (ಪಿಆರ್, ಅಂದರೆ ಮೇನ್‌ಗೆ ಸೇರಿಸಿ ಅನ್ನುವ ಕೋರಿಕೆ) ಬೇರೆಬೇರೆ ಬಿಲ್ಡ್ ಮಾಡುತ್ತಿದ್ದರೆ 160. ಮೊದಲು ಇದನ್ನು ನಿಲ್ಲಿಸಿ: ಜಾಬ್ ಕಾನ್ಫಿಗರೇಶನ್‌ನಲ್ಲಿ 'ಡಿಸ್ಕವರ್ ಬ್ರಾಂಚಸ್' ಕೆಳಗೆ, ಪಿಆರ್ ಇರುವ ಬ್ರಾಂಚುಗಳನ್ನು ಎಕ್ಸ್‌ಕ್ಲೂಡ್ ಮಾಡುವ ಆಯ್ಕೆ ಇದೆ, ಅದನ್ನು ಹಾಕಿ. ಸ್ಲ್ಯಾಕ್ ಮುಟ್ಟುವ ಮುಂಚೆಯೇ ಅರ್ಧ ಗದ್ದಲ ಕಡಿಮೆ.

ಇನ್ನು ಜೆಂಕಿನ್ಸ್‌ಫೈಲ್, ಅಂದರೆ ಬಿಲ್ಡ್ ಹಂತಗಳನ್ನು ಬರೆದಿಟ್ಟ ಫೈಲ್. ಶುರುವಾಯ್ತು ಅನ್ನುವ ಮೆಸೇಜ್ ಯಾರಿಗೂ ಬೇಡ, ಕಿತ್ತುಹಾಕಿ. 'ಪೋಸ್ಟ್' ಬ್ಲಾಕಿನ (ಬಿಲ್ಡ್ ಮುಗಿದ ಮೇಲೆ ಓಡುವ ಭಾಗ) 'ಆಲ್ವೇಸ್' ಒಳಗಿರುವ, ಮೆಸೇಜ್ ಕಳಿಸುವ 'ಸ್ಲ್ಯಾಕ್‌ಸೆಂಡ್' ಸ್ಟೆಪ್ ತೆಗೆದು, 'ರಿಗ್ರೆಷನ್' ಒಳಗೊಂದು, 'ಫಿಕ್ಸ್ಡ್' ಒಳಗೊಂದು ಇಡಿ. ಹಸಿರಿದ್ದದ್ದು (ಪಾಸಾಗುತ್ತಿದ್ದದ್ದು) ಕೆಟ್ಟಾಗ ಒಂದು ಮೆಸೇಜ್, ಕೆಟ್ಟದ್ದು ಸರಿಹೋದಾಗ ಒಂದು. ನಡುವೆ ಹತ್ತು ಸಲ ಫೇಲ್ ಆದರೂ ಸುಮ್ಮನಿರುತ್ತೆ. ಎರಡಕ್ಕೂ ಬ್ರಾಂಚ್ ಹೆಸರು ಮೇನ್ ಆಗಿದ್ದರೆ ಮಾತ್ರ ಅಂತ ಕಂಡಿಷನ್ ಹಾಕಿ. ಪಿಆರ್ ಫೇಲ್ ಆದರೆ ಕೋಡ್ ಇಟ್ಟಿರುವ ಗಿಟ್‌ಹಬ್‌ನಲ್ಲೇ ಕೆಂಪು ಗುರುತು ಬೀಳುತ್ತೆ, ಅದು ಬರೆದವರ ತಲೆನೋವು, ಊರಿಗೆಲ್ಲ ಯಾಕೆ?

ಎಡವೋದು ಇಲ್ಲಿ. 'ರಿಗ್ರೆಷನ್' ಅಬಾರ್ಟ್ ಆದ (ಅರ್ಧಕ್ಕೆ ನಿಲ್ಲಿಸಿದ) ಬಿಲ್ಡನ್ನೂ ಕೆಟ್ಟಿದ್ದು ಅಂತಲೇ ಎಣಿಸುತ್ತೆ. ಹೊಸ ಪುಶ್ ಬಂದಾಗ ಹಳೇ ಬಿಲ್ಡ್ ಕೊಲ್ಲುವ 'ಅಬಾರ್ಟ್‌ಪ್ರೀವಿಯಸ್' ಮೇನ್ ಮೇಲೂ ಆನ್ ಇದ್ದರೆ ಸುಳ್ಳು ಎಚ್ಚರಿಕೆ ಬರುತ್ತೆ. ಸರಿ, ಅಬಾರ್ಟ್ ಬಿಟ್ಟುಬಿಡೋಣ ಅಂತ ಫಿಲ್ಟರ್ ಹಾಕಿದಿರೋ, ಇನ್ನೂ ಕೆಟ್ಟದು: ಹಸಿರು, ಅಬಾರ್ಟ್, ಫೇಲ್ ಅಂತ ಸಾಲಾಗಿ ಬಂದರೆ ಫೇಲ್‌ಗೆ ಮುಂಚಿನದು ಹಸಿರಲ್ಲ, ಹಾಗಾಗಿ ನಿಜವಾದ ಒಡಕು ಸದ್ದಿಲ್ಲದೆ ಹೋಗುತ್ತೆ. ಫೇಲ್, ಅಬಾರ್ಟ್, ಹಸಿರು ಬಂದರೆ 'ಫಿಕ್ಸ್ಡ್' ಕೂಡ ಬರಲ್ಲ. ಆದ್ದರಿಂದ ಅಬಾರ್ಟ್‌ಪ್ರೀವಿಯಸ್ ಪಿಆರ್‌ಗಳಿಗೆ ಮಾತ್ರ ಇರಲಿ, ಮೇನ್‌ನಲ್ಲಿ ಬಿಲ್ಡುಗಳು ಕ್ಯೂನಲ್ಲಿ ಕಾಯಲಿ.

ಮೆಸೇಜಿನಲ್ಲಿ 'ಬಿಲ್ಡ್ ಫೇಲ್ಡ್' ಅಂತಷ್ಟೇ ಇದ್ದರೆ ನೋಡಿದವರು ಮುಂದಕ್ಕೆ ಸ್ಕ್ರಾಲ್ ಮಾಡ್ತಾರೆ. ಹೀಗಿರಲಿ: 'ಮೇನ್ #412 ಕೆಂಪು. ಯೂನಿಟ್ ಟೆಸ್ಟ್ ಹಂತ, 3 ಟೆಸ್ಟ್ ಬಿದ್ದಿವೆ', ಕೆಳಗೆ ಬಿಲ್ಡ್ ಲಿಂಕ್. ಟೆಸ್ಟ್ ಫಲಿತಾಂಶ ಓದುವ 'ಜೆಯೂನಿಟ್' ಸ್ಟೆಪ್ ವಾಪಸ್ ಕೊಡುವುದರಲ್ಲೇ ಬಿದ್ದ ಟೆಸ್ಟುಗಳ ಸಂಖ್ಯೆ ಇರುತ್ತೆ. ಚಾನೆಲ್‌ನಲ್ಲಿ ಆನ್‌ಲೈನ್ ಇರುವ ಎಲ್ಲರನ್ನೂ ಕರೆಯುವ @ಹಿಯರ್ ಹಾಕಬೇಡಿ, 'ಸ್ಲ್ಯಾಕ್‌ಯೂಸರ್‌ಐಡೀಸ್‌ಫ್ರಮ್‌ಕಮಿಟರ್ಸ್' ಸ್ಟೆಪ್ ಬಳಸಿ, ಕಮಿಟ್ ಮಾಡಿದವರನ್ನು ಮಾತ್ರ ಮೆನ್ಷನ್ ಮಾಡಿ. ಇದಕ್ಕೆ ಬಾಟ್ ಯೂಸರ್ ಮೋಡ್ (ಜೆಂಕಿನ್ಸ್ ಸ್ಲ್ಯಾಕ್‌ನಲ್ಲಿ ಬಾಟ್ ಆಗಿ ಸೇರುವ ವಿಧಾನ) ಬೇಕು, ಅದರ ಟೋಕನ್‌ಗೆ ಯೂಸರ್‌ಗಳನ್ನೂ ಅವರ ಇಮೇಲನ್ನೂ ಓದುವ ಸ್ಕೋಪ್ (ಅನುಮತಿ) ಬೇಕು. ಗಿಟ್‌ನಲ್ಲಿ ನಿಜವಾದ ವಿಳಾಸ ಮುಚ್ಚಿಡುವ ಗಿಟ್‌ಹಬ್‌ನ ನೋರಿಪ್ಲೈ ಇಮೇಲ್ ಇಟ್ಟುಕೊಂಡವರ ಹೆಸರು ಸಿಗಲ್ಲ. ಅವರಿಂದ ಕಚೇರಿ ಇಮೇಲ್ ಹಾಕಿಸಿ.

ಡಿಪ್ಲಾಯ್‌ಮೆಂಟ್‌ಗೆ (ಕೋಡನ್ನು ಸರ್ವರಿಗೆ ಏರಿಸುವುದಕ್ಕೆ) ಹಂತಹಂತವಾಗಿ ಮೆಸೇಜ್ ಬೇಕೇ ಬೇಕು ಅಂದರೆ ಮೊದಲನೆಯ ಸ್ಲ್ಯಾಕ್‌ಸೆಂಡ್ ಕೊಡುವ 'ಥ್ರೆಡ್‌ಐಡಿ' ಹಿಡಿದಿಟ್ಟು, ಮುಂದಿನವನ್ನು ಅದೇ ಥ್ರೆಡ್ಡಿಗೆ ಹಾಕಿ. ಇದಕ್ಕೂ ಬಾಟ್ ಮೋಡೇ ಬೇಕು.

ಒಮ್ಮೆ ಪಾಸು ಒಮ್ಮೆ ಫೇಲು ಆಗುವ ಟೆಸ್ಟುಗಳಿದ್ದರೆ ಮೇಲಿನದೆಲ್ಲ ವ್ಯರ್ಥ, ದಿನವಿಡೀ ಕೆಂಪು ಹಸಿರು ಆಟ. ಅಂಥವನ್ನು ಬೇರೆ ಸ್ಟೇಜಿಗೆ ಎತ್ತಿ, ಅದಕ್ಕೆ ಮಾತ್ರ 'ರಿಟ್ರೈ' 2 (ಫೇಲ್ ಆದರೆ ಇನ್ನೊಮ್ಮೆ, ಒಟ್ಟು ಎರಡು ಸಲ) ಕೊಡಿ. ಇಡೀ ಪೈಪ್‌ಲೈನಿಗೆ ಕೊಟ್ಟರೆ ನಿಜವಾಗಿ ಒಡೆದಾಗಲೂ ಎರಡು ಪಟ್ಟು ಕಾಯಬೇಕಾಗುತ್ತೆ.

ಗಿಟ್‌ಹಬ್‌ನ ಸ್ಲ್ಯಾಕ್ ಆಪ್ ಕೂಡ ಅದೇ ಚಾನೆಲ್‌ನಲ್ಲಿದೆಯಾ ನೋಡಿ. ಇದ್ದರೆ ಅನ್‌ಸಬ್‌ಸ್ಕ್ರೈಬ್ ಕಮಾಂಡ್‌ನಿಂದ ಕಮಿಟ್ ಮೆಸೇಜುಗಳನ್ನಾದರೂ ತೆಗೆಯಿರಿ.

ಕೊನೆಗೆ, ಹಳೇ ಚಾನೆಲ್ಲನ್ನು ಯಾರೂ ಅನ್‌ಮ್ಯೂಟ್ ಮಾಡಲ್ಲ. ಹೊಸದು ತೆರೆದು ಬಾಟ್‌ನ ಮರೆಯದೆ ಇನ್ವೈಟ್ ಮಾಡಿ, ಇಲ್ಲದಿದ್ದರೆ 'ನಾಟ್ ಇನ್ ಚಾನೆಲ್' ಎರರ್ ಬರುತ್ತೆ. ಹಳೇದನ್ನು ಆರ್ಕೈವ್ ಮಾಡಿಬಿಡಿ.