ಒಪ್ಪಿ ಆರಿಸಿದ ಮಧ್ಯಸ್ಥಗಾರರ ಐತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದೇ?

ಪ್ರಶ್ನೆ: ನಾನು ಸರ್ಕಾರಿ ಸ್ವಾಮ್ಯದ ನಿಗಮವೊಂದರ ಕಾರ್ಮಿಕ ಸಂಘದ ಪದಾಧಿಕಾರಿ. ರಾತ್ರಿ ಪಾಳಿಯ ಭತ್ಯೆಯ ವಿವಾದವನ್ನು 2022ರಲ್ಲಿ ಸಂಘವೂ ಆಡಳಿತ ವರ್ಗವೂ ಒಪ್ಪಿ, ಕೈಗಾರಿಕಾ ವಿವಾದಗಳ ಕಾಯ್ದೆಯ 10ಎ ಕಲಮಿನ ಅಡಿ ಮಧ್ಯಸ್ಥಗಾರರಿಗೆ ಒಪ್ಪಿಸಿದ್ದೆವು. ಐತೀರ್ಪು ನಮ್ಮ ಪರವಾಗಿ ಬಂದಿತು. ಸಾಕ್ಷ್ಯವನ್ನು ಸರಿಯಾಗಿ ತೂಗಿಲ್ಲವೆಂದು ಆಡಳಿತ ವರ್ಗ ಈಗ ಹೈಕೋರ್ಟಿನ ಮೆಟ್ಟಿಲೇರಿದೆ. ಇದಕ್ಕೆ ಅವಕಾಶವಿದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅವಕಾಶವಿದೆ, ಆದರೆ ಅದು ಮೇಲ್ಮನವಿಯಲ್ಲ. ವಾಣಿಜ್ಯ ವ್ಯಾಜ್ಯಗಳ ಮಧ್ಯಸ್ಥಿಕೆ ಕಾನೂನು 10ಎ ಪ್ರಕರಣಗಳಿಗೆ ಅನ್ವಯಿಸದ ಕಾರಣ ಅದರ ಅಡಿ ಸಿವಿಲ್ ನ್ಯಾಯಾಲಯದಲ್ಲಿ ಐತೀರ್ಪನ್ನು ರದ್ದುಪಡಿಸಿಕೊಳ್ಳಲು ಬರುವುದಿಲ್ಲ. ಉಳಿಯುವುದು ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ, ಅಂದರೆ ತೀರ್ಪು ಕಾನೂನಿನ ಮಿತಿಯಲ್ಲಿದೆಯೇ ಎಂದಷ್ಟೇ ನೋಡುವಂತೆ ಹೈಕೋರ್ಟನ್ನು ಕೋರುವ ಅರ್ಜಿ. ಇದನ್ನು ಸ್ಪಷ್ಟಪಡಿಸಿದ್ದು ಬಿಹಾರದ ರೋಹ್ತಾಸ್ ಇಂಡಸ್ಟ್ರೀಸ್ ಪ್ರಕರಣ. ಅಲ್ಲಿ 1957ರ ಮುಷ್ಕರವನ್ನು ಕಾನೂನುಬಾಹಿರವೆಂದು ಕಂಡ ಮಧ್ಯಸ್ಥಗಾರರು, ಕಂಪನಿಗಾದ ನಷ್ಟವನ್ನು ಕಾರ್ಮಿಕರೇ ತುಂಬಿಕೊಡಬೇಕೆಂದೂ ಹೇಳಿದ್ದರು. ಪಟ್ನಾ ಹೈಕೋರ್ಟ್ ಆ ಭಾಗವನ್ನು ರದ್ದುಮಾಡಿತು. ಅಂಥ ಮುಷ್ಕರಕ್ಕೆ ಕಾಯ್ದೆ ಶಿಕ್ಷೆಯನ್ನು ಹೇಳಿದೆಯೇ ಹೊರತು ನಷ್ಟಪರಿಹಾರವನ್ನಲ್ಲ, ಈ ಕಾನೂನಿನ ತಪ್ಪು ಐತೀರ್ಪಿನ ಮೇಲ್ನೋಟಕ್ಕೇ ಕಾಣುತ್ತದೆ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆ ಆದೇಶವನ್ನು ಎತ್ತಿಹಿಡಿಯಿತು. ಆ ಮಧ್ಯಸ್ಥಗಾರರ ಅಧಿಕಾರ ಕಾಯ್ದೆಯಿಂದ ಬಂದದ್ದಾದ್ದರಿಂದ ಅವರ ತೀರ್ಪು ರಿಟ್‌ಗೆ ಹೊರತಲ್ಲ ಎಂದೂ ಹೇಳಿತು. ಅಂದು ಕಾರ್ಮಿಕರನ್ನು ಉಳಿಸಿದ್ದೇ ಈ ದಾರಿ ಎಂಬುದನ್ನು ತಮ್ಮ ಸಂಘದವರಿಗೆ ತಿಳಿಸಬೇಕೆಂದು ನನ್ನ ಆಸೆ.

ತಮ್ಮ ಪ್ರಕರಣದಲ್ಲಿ ಹೈಕೋರ್ಟ್ ನೋಡುವುದು ಇಷ್ಟು: ಒಪ್ಪಿಸಿದ ವಿಷಯವನ್ನು ಮೀರಿ ತೀರ್ಪು ಕೊಟ್ಟರೇ, ಎರಡೂ ಕಡೆಯವರಿಗೆ ಹೇಳಿಕೊಳ್ಳಲು ಅವಕಾಶ ಸಿಕ್ಕಿತೇ, ಕಾನೂನಿನ ತಪ್ಪು ಮೇಲ್ನೋಟಕ್ಕೇ ಕಾಣುತ್ತದೆಯೇ, ಯಾವ ಸಾಕ್ಷ್ಯವೂ ಇಲ್ಲದೆ ನಿರ್ಣಯಕ್ಕೆ ಬಂದರೇ. ಪಾಳಿ ಹಾಜರಿ ಪುಸ್ತಕವನ್ನು ಓದಿ ಒಬ್ಬರು ಒಂದು ಅಭಿಪ್ರಾಯಕ್ಕೆ ಬಂದಿದ್ದಾಗ, ಅದೇ ಪುಸ್ತಕದಿಂದ ಇನ್ನೊಂದು ಅಭಿಪ್ರಾಯವೂ ಸಾಧ್ಯವಿತ್ತು ಎಂಬ ಮಾತ್ರಕ್ಕೆ ಐತೀರ್ಪು ಬೀಳುವುದಿಲ್ಲ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಐತೀರ್ಪಿಗೆ ತಡೆಯೂ ಆಗುವುದಿಲ್ಲ. ತಡೆಯಾಜ್ಞೆ ಇಲ್ಲದಿದ್ದರೆ ಹಿಂಬಾಕಿಯನ್ನು ಕೇಳುವ ಹಕ್ಕು ತಮಗಿದೆ.

ನನಗೆ ಆತಂಕವಿರುವುದು ಬೇರೊಂದು ಕಡೆ. ಮಧ್ಯಸ್ಥಿಕೆಯ ಒಪ್ಪಂದವನ್ನು ಸರ್ಕಾರ ರಾಜ್ಯಪತ್ರದಲ್ಲಿ (ಗೆಜೆಟ್) ಪ್ರಕಟಿಸಲೇಬೇಕು, ಅದೂ ಮಧ್ಯಸ್ಥಗಾರರು ವಿವಾದದ ತಿರುಳಿಗೆ ಕೈಹಾಕುವ ಮೊದಲೇ ಆಗಬೇಕು ಎಂದು ಕರ್ನಾಲ್ ಲೆದರ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿದೆ. ಒಪ್ಪಂದಕ್ಕೆ ಸಹಿ ಹಾಕಿ, ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕೊಟ್ಟು ಸುಮ್ಮನಾಗುವ ಸಂಘಗಳು, ಸಾಕ್ಷ್ಯ ಎಷ್ಟೇ ಗಟ್ಟಿಯಿದ್ದರೂ, ಈ ಒಂದು ಕೊರತೆಯಿಂದ ಗೆದ್ದದ್ದನ್ನು ಕಳೆದುಕೊಳ್ಳಬಹುದು. 2025ರ ನವೆಂಬರ್‌ನಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಯ ಬದಲಿಗೆ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದ್ದರೂ ತಮ್ಮ ಒಪ್ಪಂದ ಹಳೆಯ ಕಾಯ್ದೆಯ ಕಾಲದ್ದು. ಆದ್ದರಿಂದ ಧಾರವಾಡ ಪೀಠದಲ್ಲಿ ಆಕ್ಷೇಪಣೆ ಸಲ್ಲಿಸುವ ಮೊದಲು ಆ ರಾಜ್ಯಪತ್ರದ ಪ್ರತಿಯನ್ನು ತರಿಸಿಕೊಂಡು, ಅದರ ಮೇಲಿನ ದಿನಾಂಕವನ್ನೂ ಮಧ್ಯಸ್ಥಗಾರರ ಮೊದಲ ವಿಚಾರಣೆಯ ದಿನಾಂಕವನ್ನೂ ತಮ್ಮ ವಕೀಲರ ಮುಂದಿಡಿ.