ಹಳೆ ಮರದಿಂದ ಕುರ್ಚಿ ಮಾಡೋಕೆ ಡ್ರಿಲ್, ಸ್ಕ್ರೂ ಸಾಕಾ?

ಫ್ಯಾಕ್ಟರಿಯಿಂದ ಸಿಕ್ಕ ಪ್ಯಾಲೆಟ್ (ಸರಕು ಪೇರಿಸಿಡುವ ಮರದ ಚೌಕಟ್ಟು) ಹಲಗೆ ಇದೆ, ಡ್ರಿಲ್ ಇದೆ, ಸ್ಕ್ರೂ ಹಾಕಿ ಊಟದ ಮೇಜಿಗೆ ನಾಲ್ಕು ಕುರ್ಚಿ ಮಾಡಿಕೊಂಡರೆ ದುಡ್ಡು ಉಳಿಯುತ್ತಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಲೆಕ್ಕ ಓಡುತ್ತಿತ್ತು. ಪ್ಯಾಲೆಟ್ ಬದಲು ನನ್ನ ಹತ್ತಿರ ಇದ್ದದ್ದು ಅಜ್ಜಿಮನೆ ಬಾಗಿಲು, ಅಷ್ಟೇ.

ಸಾಗರದ ಹತ್ತಿರದ ಮನೆ. ಅದನ್ನು ಕೆಡವಿ ಹೊಸದು ಕಟ್ಟುವಾಗ ಮುಂಬಾಗಿಲಿಗೆ ಮೂರು ಜನ ಜಗಳವಾಡಿದರು, ಅಡುಗೆಮನೆ ಬಾಗಿಲನ್ನು ಯಾರೂ ಕೇಳಲಿಲ್ಲ. ಹಲಸಿನ ಮರದ್ದು, ಒಂದೂವರೆ ಇಂಚು ದಪ್ಪ. ಹೊಗೆ ಕುಡಿದು ಕುಡಿದು ಕರ್ರಗಾಗಿತ್ತು. ಇನ್ನೇನು ಬಚ್ಚಲ ಒಲೆಗೆ ಹೋಗುವುದರಲ್ಲಿತ್ತು. ಬಾಗಿಲು, ಅದರ ದಾರಂದ ಎರಡನ್ನೂ ಲಗೇಜ್ ಗಾಡಿಗೆ ಹಾಕಿಕೊಂಡು ಶಿವಮೊಗ್ಗಕ್ಕೆ ತಂದೆ. ಮೊದಲ ಸಲ ಕೀಸುಳಿ ಎಳೆದಾಗ ಆ ಮಸಿಯ ಕೆಳಗಿಂದ ಅರಿಶಿನ ಬಣ್ಣದ ಸುರುಳಿ ಎದ್ದು ಬಂತು ನೋಡಿ, ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು. ಒಂದು ಕುರ್ಚಿ ಮಾಡಿ ನೋಡೋಣ ಅನ್ನುವ ಮಾತೇ ಇಲ್ಲ. ನಾಲ್ಕಕ್ಕೂ ಒಂದೇ ವಾರದಲ್ಲಿ ಮರ ಕತ್ತರಿಸಿಬಿಟ್ಟೆ.

ತಪ್ಪು ಆಗಿದ್ದು ಇಲ್ಲೇ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ.

ಕುರ್ಚಿಗೆ ನಾಲ್ಕು ಕಾಲು. ಕಾಲಿಂದ ಕಾಲಿಗೆ ಸೀಟಿನ ಕೆಳಗೆ ನಾಲ್ಕು ಅಡ್ಡಪಟ್ಟಿ. ನನ್ನ ಕಾಲುಗಳ ನಡುವೆ 14 ಇಂಚು ಜಾಗ ಬರಬೇಕಿತ್ತು. ಹಾಗಾಗಿ ಪಟ್ಟಿಗಳನ್ನೂ ಸರಿಯಾಗಿ 14 ಇಂಚಿಗೆ ಕತ್ತರಿಸಿದೆ. ಹದಿನಾರು ಪಟ್ಟಿ, ಒಂದು ನೂಲೂ ಆಚೀಚೆ ಇಲ್ಲ. ಬಹಳ ಹೆಮ್ಮೆ. ಕಾಲಿನ ಹೊರಗಡೆಯಿಂದ ಡ್ರಿಲ್ ಮಾಡಿ, ಪಟ್ಟಿಯ ತುದಿಗೆ ಎರಡೆರಡು ಸ್ಕ್ರೂ ಬಿಗಿದು, ಫೆವಿಕಾಲ್ ಹಾಕಿ ಮೊದಲ ಕುರ್ಚಿ ನಿಲ್ಲಿಸಿದೆ. ಕೂರುವ ಜಾಗಕ್ಕೆ ಹಳೆ ಮಂಚದ ನವಾರು ಹೆಣೆದೆ. ಚೆನ್ನಾಗೇ ಕಾಣುತ್ತಿತ್ತು.

ಗೌರಿ ಹಬ್ಬಕ್ಕೆ ದೊಡ್ಡಪ್ಪ ಬಂದರು. ಊಟ ಆಯಿತು. ಎಲೆಗೆ ಸುಣ್ಣ ಹಚ್ಚುತ್ತಾ ಕುರ್ಚಿಯನ್ನು ಹಿಂಗಾಲ ಮೇಲೆ ವಾಲಿಸಿದರು. ಕಿರ್ ಅಂತ ಒಂದು ಸದ್ದು, ಆಮೇಲೆ ದಬ್! ಸುಣ್ಣದ ಡಬ್ಬಿ ಉರುಳಿಕೊಂಡು ಹೋಗಿ ದೇವರಮನೆ ಹೊಸ್ತಿಲಿಗೆ ತಾಗಿ ನಿಂತಿತು. ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ. ಆದರೆ ಆವತ್ತಿಂದ ನಮ್ಮನೆಗೆ ಬಂದರೆ ಚಾಪೆ ಕೇಳುತ್ತಾರೆ.

ಮುರಿದ ಪಟ್ಟಿ ತೋರಿಸಿದಾಗ ನಮ್ಮ ಬೀದಿಯ ಬಡಗಿ ಆಚಾರ್ರು ಅದರ ತುದಿಯನ್ನು ಹೆಬ್ಬೆರಳಿಂದ ಸವರಿ ಹೇಳಿದ್ದು ಇನ್ನೂ ನೆನಪಿದೆ: "ಮರ ಅಂದ್ರೆ ಕಡ್ಡಿಪೊರಕೆ ಕಟ್ಟು ಇದ್ದ ಹಾಗೆ ಮಾರಾಯ್ರೇ. ಪಕ್ಕದಿಂದ ಸ್ಕ್ರೂ ಹೋದ್ರೆ ಕಡ್ಡಿ ಅಡ್ಡ ಸಿಕ್ಕಿ ಹಿಡ್ಕೊಳ್ತವೆ. ತುದಿಯಿಂದ ಹೋದ್ರೆ ಸಂದಿಲಿ ನುಗ್ಗಿ ಕೂರುತ್ತೆ, ಎಳೆದ್ರೆ ವಾಪಸ್ ಬರುತ್ತೆ."

ಗೋಂದಿನ ಕಥೆಯೂ ಅದೇ. ತುದಿಗೆ ಹಚ್ಚಿದ ಗೋಂದನ್ನು ಮರ ಒಳಗೆ ಎಳೆದುಕೊಳ್ಳುತ್ತದೆ, ಹಿಡಿತಕ್ಕೆ ಮೇಲೆ ಸಾಕಷ್ಟು ಉಳಿಯೋದಿಲ್ಲ. ಮೇಜು, ಕಪಾಟಾದರೆ ಸುಮ್ನೆ ನಿಂತಿರುತ್ತವೆ. ಕುರ್ಚಿಯ ಮೇಲೆ ಮನುಷ್ಯ ಕೂರುತ್ತಾನೆ, ಹಿಂದಕ್ಕೆ ಒರಗುತ್ತಾನೆ, ಹೊರಳುತ್ತಾನೆ. ಒರಗಿದಾಗಲೆಲ್ಲ ಹಿಂಗಾಲು ಹಾರೆಯಂತೆ ಕೆಲಸ ಮಾಡಿ ಆ ಕೂಡುವ ಜಾಗವನ್ನು ಮೀಟುತ್ತದೆ. ದಿನಾ ಒಂದಿಷ್ಟು ತೂತು ಅಗಲವಾಗುತ್ತದೆ.

ಸರಿ, ಸ್ಕ್ರೂ ತೆಗೆದು ಕಾಲಿಗೆ ತೂತು ಕೊರೆದು, ಪಟ್ಟಿಯ ತುದಿಯನ್ನು ಸಣ್ಣ ಮಾಡಿ ಅದರೊಳಗೆ ಕೂರಿಸಿ ಅಂದೆ. ಆಚಾರ್ರು ನಕ್ಕರು. ಒಳಗೆ ಹೋಗೋಕೆ ಎರಡೂ ಕಡೆ ಒಂದೊಂದು ಇಂಚು ಬೇಡ್ವಾ? ಪಟ್ಟಿ 16 ಇಂಚು ಇರಬೇಕಿತ್ತು. ನನ್ನ ಹತ್ತಿರ ಇದ್ದದ್ದು 14ರವು, ಹದಿನಾರೂ! ಬೇರೆ ಮರ ಇಲ್ಲ, ಬಾಗಿಲು ಪೂರ್ತಿ ಮುಗಿದಿತ್ತು. ಅಂಗಡಿಯ ಹಲಗೆ ಆಗಿದ್ದರೆ ಇನ್ನೊಂದು ತರಬಹುದಿತ್ತು. ಅಜ್ಜಿಮನೆ ಬಾಗಿಲನ್ನು ಎಲ್ಲಿಂದ ತರೋದು?

ಕೊನೆಗೆ ಅದೇ ಪಟ್ಟಿಗಳ ತುದಿ ಕೆತ್ತಿ, ನಡುವೆ 12 ಇಂಚು ಉಳಿಸಿಕೊಂಡು, ಕಾಲನ್ನೂ ಗಿಡ್ಡ ಮಾಡಿ ನಾಲ್ಕು ಮಕ್ಕಳ ಕುರ್ಚಿ ಮಾಡಿದ್ದಾಯಿತು. ಇವತ್ತಿಗೂ ಒಂದೂ ಅಲ್ಲಾಡಿಲ್ಲ. ಮನೆಯಲ್ಲಿ ಇರೋದು ಒಂದೇ ಮಗು, ಅದು ಬೇರೆ ವಿಷಯ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ದುಡ್ಡು ಉಳಿಸೋಕೆ ಅಂತ ಕುರ್ಚಿ ಮಾಡಲು ಹೋಗಬೇಡಿ. ಉಳಿ, ಗರಗಸ, ಕ್ಲ್ಯಾಂಪ್, ಪಾಲಿಶ್ ಅಂತ ಅಂಗಡಿಯ ಎರಡು ಕುರ್ಚಿಯ ದುಡ್ಡು ನನ್ನ ಕೈಯಿಂದ ಮೊದಲ ತಿಂಗಳಲ್ಲೇ ಹೋಗಿತ್ತು. ಉಳಿತಾಯವೇ ಮುಖ್ಯ ಅಂದರೆ ಗುಜರಿಗೆ ಹೋಗಿ ಕಬ್ಬಿಣದ ಹಳೆ ಕುರ್ಚಿಯ ಚೌಕಟ್ಟು ಹುಡುಕಿ. ತುಕ್ಕು ಉಜ್ಜಿ ಬಣ್ಣ ಬಳಿದು ನವಾರು ಹೆಣೆಯಿರಿ. ಎರಡು ಭಾನುವಾರದ ಕೆಲಸ. ನನ್ನ ಪ್ರಕಾರ ಅದೂ ಸ್ವಂತ ಕುರ್ಚಿಯೇ.

ಇಲ್ಲ, ಮರದಲ್ಲೇ ಆಗಬೇಕು ಅಂದರೆ ಮೊದಲು ಒಂದು ಸ್ಟೂಲ್ ಮಾಡಿ. ಒಂದೇ. ಬೆನ್ನು ಇಲ್ಲದ್ದರಿಂದ ಒರಗುವ ಗೋಳಿಲ್ಲ. ಉಳಿ ಹಿಡಿಯಲು ಬರದಿದ್ದರೆ ಡ್ರಿಲ್‌ನಲ್ಲೇ ತೂತು ಕೊರೆದು ಮರದ ಗೂಟ ಹೊಡೆಯಬಹುದು. ಪ್ಯಾಲೆಟ್ ಮರದಲ್ಲಿ ಕುರ್ಚಿ ಆಗೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ, 1934ರಲ್ಲೇ ನೆದರ್‌ಲೆಂಡ್ಸ್‌ನ ವಿನ್ಯಾಸಕಾರ ಗೆರಿಟ್ ರೀಟ್‌ವೆಲ್ಡ್ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಂಥ ಮರದಲ್ಲೇ ಕುರ್ಚಿ ಮಾಡಿ ತೋರಿಸಿದ್ದರು. ಆದರೆ ಅವರು ಕುರ್ಚಿ ಮಾಡುವ ಮನೆಯಲ್ಲೇ ಹುಟ್ಟಿದವರು, ಅಪ್ಪ ಬಡಗಿ. ನಾನು, ನೀವು ಹಾಗಲ್ಲವಲ್ಲ.

ಕೀಸುಳಿ ಹಾಕುವ ಮೊದಲು ಹಲಗೆಯ ಮೇಲೆಲ್ಲ ಒಂದು ಅಯಸ್ಕಾಂತ ಆಡಿಸಿ, ತಲೆ ಮುರಿದ ಮೊಳೆ ಒಳಗೇ ಇರುತ್ತದೆ. ನನ್ನ ಕೀಸುಳಿ ಅಲಗಿನಲ್ಲಿ ಒಂದು ಚೂರು ಈಗಲೂ ಇಲ್ಲ. ಪ್ಯಾಲೆಟ್ ಮೇಲಿನ ಮುದ್ರೆಯನ್ನೂ ನೋಡಿ. 'ಎಚ್‌ಟಿ' ಅಂತಿದ್ದರೆ ಹುಳ ಸಾಯಲಿ ಅಂತ ಬಿಸಿ ಮಾಡಿದ ಮರ, ತಿರುಳಿನವರೆಗೂ 56 ಡಿಗ್ರಿ ಶಾಖ ಕನಿಷ್ಠ 30 ನಿಮಿಷ ಕೊಟ್ಟಿರುತ್ತಾರೆ. ಅದು ಆಗುತ್ತದೆ. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು. ಅದನ್ನು ಫ್ಯಾಕ್ಟರಿಯವರಿಗೇ ವಾಪಸ್ ಕೊಟ್ಟುಬಿಡಿ. ಒಲೆಗೂ ಹಾಕಬೇಡಿ.